ಹೆಣ್ಣಿನ ಹಾಡಿನಲ್ಲಿ ನಲ್ಲನ ಹೆಸರು

೧

ಹುಲಗೂರಿನವರಾದ ನಮಗೆ ಅರಬ್ಬಿಯು ಕಿವಿಗೆ ಹೊಸದಾದ ನುಡಿಯಲ್ಲ. ಕಾದರಿ ಸಂತರ ದರ್ಗಾ ಇರುವ ಊರು ಇದು. ಮಕ್ಕಳಿಲ್ಲದ ಇಮಾಮಸಾಹೇಬರಿಗೆ ಇಲ್ಲಿಯ ಸಂತರ ಹರಕೆಯಿಂದಲೇ ಶರೀಫರು ಹುಟ್ಟಿದರೆಂದು ಶಿಶುನಾಳದವರೂ ನಾವೂ ಇಂದಿಗೂ ಹೇಳಿಕೊಳ್ಳುತ್ತೇವೆ. ಆದರೆ ಕಿವಿಗೆ ಪರಿಚಿತವಾದ ಈ ನುಡಿಯು ನಮಗೆ ಕೇವಲ ಪ್ರಾರ್ಥನೆಯ ನುಡಿಯಾಗಿ ಉಳಿದಿದೆ. ಆ ನುಡಿಯಲ್ಲಿ ಹೆಣ್ಣುಮಕ್ಕಳು ತಮ್ಮ ನಲ್ಲನನ್ನು ಕುರಿತು ಹಾಡಿರುವರೆಂಬದೂ, ಆ ಹಾಡಿನ ಸಲುವಾಗಿ ಕಷ್ಟಪಟ್ಟಿರುವರೆಂಬದೂ ನಮ್ಮಲ್ಲಿ ಬಹುಜನರಿಗೆ ತಿಳಿಯದು. ಅದರಂತೆಯೇ ನಮ್ಮ ಕನ್ನಡದ ಹೆಣ್ಣುಮಕ್ಕಳು ನಲ್ಲನನ್ನು ಹೇಗೆ ಕಂಡರು, ಹೇಗೆ ಕರೆದರು ಎಂಬ ಪ್ರಶ್ನೆಯನ್ನೂ ನಾವು ನೆಟ್ಟಗೆ ಕೇಳಿಕೊಂಡಿಲ್ಲ. ಗಂಡಸು ಬರೆದ ಕಾವ್ಯದಲ್ಲಿ ಹೆಣ್ಣು ಹೇಗಿರುವಳೆಂಬದನ್ನು ಕುರಿತು ಪುಸ್ತಕಗಳುಂಟು. ಹೆಣ್ಣು ಬರೆದ ಕಾವ್ಯದಲ್ಲಿ ಗಂಡಸು ಹೇಗಿರುವನೆಂಬ ವಿಚಾರವು ವಿರಳವು. ಈ ಎರಡನೆಯ ವಿಚಾರವನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು.

ಈ ವಿಚಾರವು ನನ್ನಲ್ಲಿ ಹುಟ್ಟಿದ್ದು ಗ್ರಂಥಗಳಿಂದಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿಯು ತನ್ನ ಕವಿತೆಗಳ ವಹಿಯನ್ನು ತಿದ್ದಿಕೊಡಲು ನನ್ನ ಕಡೆಗೆ ತಂದಳು. ಅದರಲ್ಲಿ ಹತ್ತೆಂಟು ಪ್ರೇಮಗೀತಗಳಿದ್ದವು; ಎಲ್ಲವೂ ಕೃಷ್ಣನಿಗೇ ಬರೆದವು. ಆದರೆ ಆ ಕೃಷ್ಣನಿಗೆ ಕೊಳಲಿಲ್ಲ, ನವಿಲುಗರಿಯಿಲ್ಲ. ಅವನು ಮುಂಜಾನೆಯ ಬಸ್ಸಿನಲ್ಲಿ ಶಿಗ್ಗಾಂವಿಗೆ ಹೋಗುವನು, ಮಳೆಯಲ್ಲಿ ನೆನೆದು ಕೆಮ್ಮುವನು, ಸಾಲದ ಚಿಂತೆಯಲ್ಲಿ ಉಗುರು ಕಚ್ಚುವನು. “ಇವನಿಗೆ ಕೃಷ್ಣನೆಂದು ಯಾಕೆ ಹೆಸರಿಟ್ಟೆ, ತಂಗಿ?” ಎಂದು ಕೇಳಿದೆ. ಹುಡುಗಿಯು ತಲೆ ತಗ್ಗಿಸಿ, “ಕೃಷ್ಣ ಅಂದ್ರ ಮನ್ಯಾಗ ಯಾರೂ ಏನೂ ಕೇಳೂದಿಲ್ರಿ, ಸರ್,” ಎಂದಳು. ಆ ಮಾತಿನಲ್ಲಿ ಒಂದು ಸಾಹಿತ್ಯಚರಿತ್ರೆಯೇ ಅಡಗಿದೆಯೆಂದು ನನಗೆ ಅಂದು ಹೊಳೆಯಲಿಲ್ಲ, ಬರಬರುತ್ತ ಹೊಳೆಯಿತು. ಹೆಣ್ಣಿನ ಕಾವ್ಯದಲ್ಲಿ ನಲ್ಲನ ಚಿತ್ರವು ಹೇಗಿದೆಯೆಂಬದನ್ನು ತಿಳಿಯಬೇಕಾದರೆ, ಆ ನಲ್ಲನ ಹೆಸರನ್ನು ಅವಳು ಎಲ್ಲಿ ಬಚ್ಚಿಟ್ಟಳೆಂಬದನ್ನು ಮೊದಲು ತಿಳಿಯಬೇಕು.

೨

ಹೆಸರಿನ ಮಾತಿಗೆ ನಮ್ಮ ಮನೆಗಳಿಗಿಂತ ದೂರ ಹೋಗಬೇಕಾದುದಿಲ್ಲ. ನಮ್ಮ ಸೀಮೆಯ ಗೃಹಿಣಿಯು ಗಂಡನ ಹೆಸರನ್ನು ಬಾಯಿಂದ ತೆಗೆಯುತ್ತಿರಲಿಲ್ಲ. ಹಿರಿಯ ತಲೆಯವರು ಇಂದಿಗೂ ತೆಗೆಯುವದಿಲ್ಲ. ‘ಇವರು’, ‘ಮನಿಯವರು’, ‘ನಮ್ಮ ಹುಡುಗನ ಅಪ್ಪ’ ಎಂದು ಸುತ್ತುಬಳಸಿ ಹೇಳುವರು. ಎದುರಿಗೆ ಇದ್ದರೆ ಬರಿಯ ‘ರೀ’. ಪ್ರಪಂಚದಲ್ಲಿ ಅವಳಿಗೆ ಅತ್ಯಂತ ಸಮೀಪದವನಾದ ಮನುಷ್ಯನೇ ಅವಳ ನುಡಿಯಲ್ಲಿ ಹೆಸರಿಲ್ಲದವನು. ಆದರೆ ಈ ಕಟ್ಟಿಗೆ ನಮ್ಮ ಹಿರಿಯರು ಒಂದು ಕಿಂಡಿಯನ್ನೂ ಬಿಟ್ಟಿದ್ದರು, ಅದೇ ಒಡಪು. ಮದುವೆಯಲ್ಲಿ ಹೊಸ್ತಿಲು ದಾಟುವಾಗ, ಕುಬಸದಲ್ಲಿ ಆರತಿ ಬೆಳಗುವಾಗ, ಊಟದ ಪಂಕ್ತಿಯಲ್ಲಿ, ನೆರೆದ ಹೆಂಗಸರು “ಹೆಸರು ಹೇಳ” ಎಂದು ಅಡ್ಡಗಟ್ಟುವರು. ಆಗ ಸೊಸೆಯಾದವಳು ಎರಡು ಪ್ರಾಸದ ಸಾಲುಗಳನ್ನು ಕಟ್ಟಿ, ಹೂವು, ಹೊಳೆ, ಊರು, ದೇವರು ಇವುಗಳ ನಡುವೆ ಗಂಡನ ಹೆಸರನ್ನು ಹುದುಗಿಸಿ ಹೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಳು. ಗದ್ಯದಲ್ಲಿ ನಿಷಿದ್ಧವಾದ ಹೆಸರು ಪದ್ಯದಲ್ಲಿ ಸಲ್ಲುವದು! ಕಾವ್ಯವು ಯಾಕೆ ಬೇಕೆಂಬ ಪ್ರಶ್ನೆಗೆ ಇದಕ್ಕಿಂತ ಸರಳವಾದ ಉತ್ತರವನ್ನು ಯಾವ ಅಲಂಕಾರಶಾಸ್ತ್ರವೂ ಕೊಟ್ಟಿರುವದಿಲ್ಲ.

ಅರಬ್ಬರಲ್ಲಿ ಹೆಸರಿನ ಭೀತಿಯು ಇದಕ್ಕೆ ವಿಪರೀತವಾದ ದಿಕ್ಕಿನಿಂದ ಬಂದಿತು. ಅಲ್ಲಿ ಕವಿಯಾದ ಗಂಡಸು ಹೆಣ್ಣಿನ ಹೆಸರನ್ನು ಪದ್ಯದಲ್ಲಿ ಹಾಡಿದರೆ ಅವಳ ಕುಲಕ್ಕೆ ಕಳಂಕ ಬಂದಿತೆಂದು ತಿಳಿಯುತ್ತಿದ್ದರು. ಲೈಲಾ-ಮಜನೂನರ ಕಥೆಯನ್ನು ನಾವು ನಾಟಕಗಳಲ್ಲಿ ಕಂಡು ಅತ್ತಿದ್ದೇವೆ. ಆದರೆ ಆ ಕಥೆಯ ಮೂಲದಲ್ಲಿರುವ ಅಪರಾಧವು ಪ್ರೇಮವಲ್ಲ, ಪದ್ಯವು. ಕೈಸನು ಲೈಲೆಯ ಹೆಸರನ್ನು ಹಾಡಿ ಊರೂರಿಗೆ ಹಬ್ಬಿಸಿದ ಕಾರಣ ಅವಳ ತಂದೆಯು ಅವನಿಗೆ ಕನ್ಯೆಯನ್ನು ಕೊಡದಾದನು. ಏಳನೆಯ ಶತಮಾನದ ಲೈಲಾ ಅಲ್-ಅಖ್ಯಲಿಯಾ ಎಂಬ ಕವಯಿತ್ರಿಯ ಪಾಡೂ ಇದೇ ಆಯಿತು. ಅವಳನ್ನು ಪ್ರೀತಿಸಿ ಹಾಡಿದ ತೌಬನಿಗೆ ಅವಳು ದೊರೆಯಲಿಲ್ಲ; ಬೇರೊಬ್ಬನ ಹೆಂಡತಿಯಾದಳು. ಆದರೆ ತೌಬನು ಕಾದಾಟದಲ್ಲಿ ಮಡಿದ ಬಳಿಕ ಅವಳ ನಾಲಿಗೆಯ ಕಟ್ಟು ಬಿಚ್ಚಿತು. ಅವನ ಹೆಸರನ್ನೂ ಅವನ ಶೌರ್ಯ, ದಾನಗಳನ್ನೂ ಅವಳು ಶೋಕಗೀತಗಳಲ್ಲಿ ಬಹಿರಂಗವಾಗಿ ಹಾಡಿದಳು. ಅಧಿಕಾರಿಗಳ ಆಸ್ಥಾನಗಳಲ್ಲಿಯೂ ಹಾಡಿದಳು. ಬದುಕಿದ ನಲ್ಲನನ್ನು ಹೆಸರಿಸಬಾರದು. ಸತ್ತ ನಲ್ಲನನ್ನು ಹೆಸರಿಸಬಹುದು! ನಮ್ಮಲ್ಲಿ ಒಡಪು ತೆರೆದ ಬಾಗಿಲನ್ನು ಅಲ್ಲಿ ಮರಣವು ತೆರೆಯಿತು.

೩

ಈ ದೃಷ್ಟಿಯಿಂದ ನಮ್ಮ ಹಳೆಯ ಕವಯಿತ್ರಿಯರನ್ನು ನೋಡೋಣ. ಮೊದಲನೆಯವಳು ಅಕ್ಕಮಹಾದೇವಿ. ಹಿರೇಕೆರೂರಿನವರಿಗೆ ಅವಳ ಉಡುತಡಿಯು ನೆರೆಯ ಸೀಮೆಯೇ. ಹನ್ನೆರಡನೆಯ ಶತಮಾನದಲ್ಲಿ ಈಕೆಯು ಮಾಡಿದ ಸಾಹಸವನ್ನು ನಾವು ಭಕ್ತಿಯ ಸಾಹಸವೆಂದು ಮಾತ್ರ ಎಣಿಸುತ್ತೇವೆ. ಅದು ನುಡಿಯ ಸಾಹಸವೂ ಅಹುದು. ಅವಳ ಪ್ರತಿಯೊಂದು ವಚನದ ಕೊನೆಗೆ ನಲ್ಲನ ಹೆಸರಿದೆ. ಹೆಸರು ಹೇಳಬಾರದ ಹೆಣ್ಣು ಪ್ರತಿ ಮಾತಿಗೂ ಹೆಸರು ಹೇಳಿದಳು. ಹೆಸರನ್ನೇ ಅಂಕಿತ ಮಾಡಿಕೊಂಡಳು. ಅವಳಿಗೆ ಅದು ಹೇಗೆ ಸಾಧ್ಯವಾಯಿತು? ಆ ನಲ್ಲನು ಮರಣವೂ ಆಕೃತಿಯೂ ಕುಲವೂ ತಾಗದವನಾದುದರಿಂದ. ಲೋಕದ ಗಂಡಂದಿರು ಹುಟ್ಟಿ ಸಾಯುವವರೆಂದು ಅವಳು ತಿರಸ್ಕರಿಸಿದಳು. ಕೌಶಿಕನ ಅರಮನೆಯನ್ನು ಬಿಟ್ಟಳು. ಆದರೂ ಅವಳ ಮಲ್ಲಿಕಾರ್ಜುನನು ಬರಿಯ ತತ್ತ್ವವಲ್ಲ. ಅವನಿಗೆ ಚೆಲುವಿದೆ, ಕೆಂಜೆಡೆಯಿದೆ, ಕಾಡಿಸುವ ಸ್ವಭಾವವಿದೆ. ಹೆಣ್ಣೊಬ್ಬಳು ಗಂಡಿನ ರೂಪವನ್ನು ಕಣ್ದುಂಬ ನೋಡಿ ‘ಚೆಲುವ’ ಎಂದು ಕರೆದುದು ಕನ್ನಡದಲ್ಲಿ ಇಷ್ಟು ಧೀರವಾಗಿ ಮತ್ತೆ ಬಹುಕಾಲ ಕೇಳಿಬರಲಿಲ್ಲ. ನನ್ನ ವಿದ್ಯಾರ್ಥಿನಿಯು ಬಸ್ಸಿನ ಹುಡುಗನನ್ನು ದೇವರ ಹೆಸರಿನಲ್ಲಿ ಮರೆಸಿದಳು. ಅಕ್ಕನು ದೇವರನ್ನೇ ನಲ್ಲನನ್ನಾಗಿ ಮಾಡಿದಳು. ಎರಡೂ ಒಂದೇ ಎಂದು ನಾನು ಹೇಳಲಾರೆ. ಆದರೆ ಎರಡಕ್ಕೂ ದಾರಿಯು ಒಂದೇ ಇತ್ತೆಂಬದನ್ನು ಅಲ್ಲಗಳೆಯಲಾರೆವು.

ಹದಿನೇಳನೆಯ ಶತಮಾನದ ಸಂಚಿಯ ಹೊನ್ನಮ್ಮನಲ್ಲಿ ನಲ್ಲನು ಹೋಗಿ ಪತಿಯು ಉಳಿದನು. ಚಿಕ್ಕದೇವರಾಯನ ಅರಮನೆಯ ಊಳಿಗದ ಈ ಹೆಣ್ಣುಮಗಳ ‘ಹದಿಬದೆಯ ಧರ್ಮ’ದಲ್ಲಿ ಗಂಡನು ಸೇವೆಗೆ ಪಾತ್ರನು, ಧರ್ಮದ ಮೂಲನು, ಆದರೆ ಅವನಿಗೆ ಮುಖವಿಲ್ಲ. ಹೆಣ್ಣುಮಕ್ಕಳನ್ನು ಹಳಿಯುವವರನ್ನು ಅವಳು ಕೇಳಿದ ಪ್ರಶ್ನೆಯು ನಮಗೆಲ್ಲ ಬಾಯಿಪಾಠವಾಗಿದೆ. ಅವಳು ಕಂಡ ಗಂಡನ ಒಂದು ನಗೆಯಾದರೂ ನಮ್ಮ ನೆನಪಿನಲ್ಲಿ ಉಳಿದಿಲ್ಲ. ಇದು ಅವಳ ಕವಿತ್ವದ ದೋಷವಲ್ಲ, ಅವಳು ಕೈಗೊಂಡ ಕಾರ್ಯದ ಸ್ವರೂಪವು. ಧರ್ಮಗ್ರಂಥದಲ್ಲಿ ಪತಿಯೆಂಬವನು ಒಂದು ಪದವಿ; ಪದವಿಗೆ ಕಣ್ಣುಮೂಗುಗಳಿರುವದಿಲ್ಲ.

ನಮ್ಮ ಜಿಲ್ಲೆಯವರು ವಿಶೇಷವಾಗಿ ನೆನೆಯಬೇಕಾದವಳು ಹೆಳವನಕಟ್ಟೆಯ ಗಿರಿಯಮ್ಮ. ಹದಿನೆಂಟನೆಯ ಶತಮಾನದ ಈ ಹರಿದಾಸಿಯು ರಾಣೇಬೆನ್ನೂರಿನಲ್ಲಿ ಹುಟ್ಟಿ ಮಲೇಬೆನ್ನೂರಿಗೆ ಸೊಸೆಯಾಗಿ ಹೋದವಳೆಂದು ಪ್ರತೀತಿ. ಸಂಸಾರದಲ್ಲಿ ನಿಲ್ಲದೆ ಹೆಳವನಕಟ್ಟೆಯ ರಂಗನಾಥನಿಗೆ ತನ್ನನ್ನು ಒಪ್ಪಿಸಿಕೊಂಡಳೆಂದು ಹೇಳುತ್ತಾರೆ. ಅವಳು ಆರಿಸಿಕೊಂಡ ಕಥೆಗಳನ್ನು ನೋಡಬೇಕು. ‘ಉದ್ದಾಲಿಕನ ಕಥೆ’ಯಲ್ಲಿ ಗಂಡನು ಹೇಳಿದ್ದಕ್ಕೆಲ್ಲ ವಿರುದ್ಧವಾಗಿ ನಡೆಯುವ ಚಂಡಿಯಿದ್ದಾಳೆ. ‘ಚಂದ್ರಹಾಸನ ಕಥೆ’ಯಲ್ಲಿಯಂತೂ ನಮ್ಮ ವಿಷಯಕ್ಕೆ ಕನ್ನಡಿ ಹಿಡಿದಂಥ ಪ್ರಸಂಗವಿದೆ. ದುಷ್ಟಬುದ್ಧಿಯು ಮಗನಿಗೆ ಬರೆದ ಓಲೆಯನ್ನು ಹೊತ್ತು ಬಂದ ಚಂದ್ರಹಾಸನು ತೋಟದಲ್ಲಿ ಮಲಗಿ ನಿದ್ರೆಹೋಗಿರುವನು. ಬಂದವನಿಗೆ ‘ವಿಷ’ವನ್ನು ಕೊಡೆಂಬದು ಆ ಓಲೆಯ ಒಕ್ಕಣೆ. ದುಷ್ಟಬುದ್ಧಿಯ ಮಗಳಾದ ವಿಷಯೆಯು ಮಲಗಿದ ಚೆಲುವನನ್ನು ಕಂಡು, ಓಲೆಯನ್ನು ಓದಿ, ಕಣ್ಣ ಕಾಡಿಗೆಯಿಂದ ಅಕ್ಷರವನ್ನು ತಿದ್ದಿ ‘ವಿಷಯೆ’ಯನ್ನು ಕೊಡೆಂದು ಮಾಡುವಳು.

ಈ ಕಥೆಯು ಗಿರಿಯಮ್ಮನು ಕಲ್ಪಿಸಿದ್ದಲ್ಲ. ಜೈಮಿನಿ ಭಾರತದಿಂದ ಬಂದದ್ದು, ಲಕ್ಷ್ಮೀಶನು ಅವಳಿಗಿಂತ ಮೊದಲೇ ಹೇಳಿದ್ದು. ಆದರೆ ಹೆಣ್ಣೊಬ್ಬಳು ಹೆಂಗಸರ ಹಾಡಿಕೆಗಾಗಿ ಅದನ್ನು ಮತ್ತೆ ಹೇಳಿದಾಗ ಅದರ ಅರ್ಥವು ಬೇರೆಯಾಗುವದು. ಗಂಡಸು ನಿದ್ರೆಯಲ್ಲಿರುವನು, ನೋಡುವ ಕಣ್ಣು ಹೆಣ್ಣಿನದು, ಓದುವವಳು ಅವಳು, ಬರೆಯುವವಳೂ ಅವಳು. ಅವಳು ತಿದ್ದಿದ ಒಂದಕ್ಷರವು ತಂದೆಯ ಆಜ್ಞೆಯನ್ನು ಬದಲಿಸಿ ನಲ್ಲನ ಪ್ರಾಣವನ್ನು ಉಳಿಸುವದು. ಮತ್ತು ಅವಳು ಓಲೆಯಲ್ಲಿ ಬರೆದದ್ದು ಅವನ ಹೆಸರನ್ನಲ್ಲ, ತನ್ನ ಹೆಸರನ್ನು. ಹೆಣ್ಣು ಅಕ್ಷರ ಕಲಿತರೆ ಏನು ಕೇಡು ಎಂದು ಒಂದು ಕಾಲಕ್ಕೆ ವಾದ ನಡೆದಾಗ, ಅಕ್ಷರ ಕಲಿತ ಹೆಣ್ಣು ಓಲೆ ಬರೆದಾಳೆಂಬದೇ ಬಹುಜನರ ಭಯವಾಗಿತ್ತು. ಆ ಭಯಕ್ಕೆ ವಿಷಯೆಯ ಕಾಡಿಗೆಯೇ ಉತ್ತರವು.

೪

ಇನ್ನು ಹಳ್ಳಿಯ ಹೆಣ್ಣುಮಕ್ಕಳ ಹಾಡು. ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಮುಂದಿನಿಂದ ಆಯ್ದು ತಂದ ‘ಗರತಿಯ ಹಾಡು’ ೧೯೩೧ರಲ್ಲಿ ಪ್ರಕಟವಾದಾಗ ವಿದ್ವಾಂಸರು ಬೆರಗಾದರು. ಅದರಲ್ಲಿಯ ರಾಯನು ಹೊನ್ನಮ್ಮನ ಪತಿಯಂತೆ ಮುಖವಿಲ್ಲದವನಲ್ಲ. ಅವನು ಸಿಟ್ಟಾಗುವನು, ರಮಿಸುವನು, ಪೇಟೆಗೆ ಹೋಗಿ ತಡಮಾಡಿ ಬರುವನು. ಒಮ್ಮೊಮ್ಮೆ ಬೇರೆ ಕಡೆಗೆ ಮನಸ್ಸಿಟ್ಟು ಹೆಂಡತಿಯನ್ನು ನೋಯಿಸುವನು. ಗರತಿಯು ಅವನನ್ನು ಬೈಯುವದೂ ಉಂಟು, ಅವನ ದಾರಿಯನ್ನು ಕಾಯುವದೂ ಉಂಟು.

ಆದರೆ ಈ ತ್ರಿಪದಿಗಳನ್ನು ಲಕ್ಷ್ಯಗೊಟ್ಟು ಓದಿದವರಿಗೆ ಒಂದು ಸಂಗತಿಯು ಕಾಣದಿರದು. ಹೆಣ್ಣಿನ ಹೃದಯವು ಅತ್ಯಂತ ನಿಸ್ಸಂಕೋಚವಾಗಿ, ಅತ್ಯಂತ ವರ್ಣಮಯವಾಗಿ ಉಕ್ಕುವದು ಗಂಡನನ್ನು ಕುರಿತಲ್ಲ, ತವರಿನ ಅಣ್ಣತಮ್ಮಂದಿರನ್ನು ಕುರಿತು. ಅಣ್ಣನ ಪೇಟದ ಚೆಲುವು, ಅಣ್ಣನು ಬರುವ ದಾರಿ, ಅಣ್ಣನು ತರುವ ಸೀರೆ, ಅಣ್ಣನು ಬರದೆ ಹೋದ ಪಂಚಮಿ: ನಲ್ಲನ ಹಾಡಿಗೆ ಸಲ್ಲಬೇಕಾದ ಸಾಮಗ್ರಿಯೆಲ್ಲವೂ ಅಣ್ಣನ ಹಾಡಿಗೆ ಸಂದಿದೆ. ಇದಕ್ಕೆ ಕಾರಣವು ದೂರವಿಲ್ಲ. ಅತ್ತೆ, ಮಾವ, ನಾದಿನಿಯರು ಕೇಳುತ್ತಿರುವ ಮನೆಯಲ್ಲಿ ಗಂಡನ ಮೇಲಿನ ಮೋಹವನ್ನು ಗಟ್ಟಿಯಾಗಿ ಹಾಡಿದರೆ ನಾಚಿಕೆಗೇಡು. ತವರಿನ ಮೋಹವನ್ನು ಹಾಡಿದರೆ ಕಣ್ಣೀರಿಡುವವರೇ ಎಲ್ಲರೂ.

ಈ ಮಾತಿಗೆ ಅರಬ್ಬಿಯು ಸಾಕ್ಷಿ ನುಡಿಯುವ ಬಗೆಯನ್ನು ನೋಡಿದರೆ ಆಶ್ಚರ್ಯವಾಗುವದು. ಅರಬ್ಬರ ಪ್ರಾಚೀನ ಕವಯಿತ್ರಿಯರಲ್ಲಿ ಶ್ರೇಷ್ಠಳೆಂದು ಎಲ್ಲರೂ ಒಪ್ಪಿದ ಅಲ್-ಖನ್ಸಾ ಎಂಬವಳು ಏಳನೆಯ ಶತಮಾನದವಳು. ಅವಳ ಕೀರ್ತಿಯೆಲ್ಲವೂ ನಿಂತಿರುವದು ಮಡಿದ ಸೋದರನಾದ ಸಖ್ರನನ್ನು ಕುರಿತು ಹಾಡಿದ ಶೋಕಗೀತಗಳ ಮೇಲೆ. ಮರುಭೂಮಿಯ ಖನ್ಸಾಳೂ ಕೃಷ್ಣಾತೀರದ ಗರತಿಯೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಗಂಡುಜೀವಿಯೊಬ್ಬನನ್ನು ಮನದಣಿಯೆ ಹೊಗಳಬೇಕೆಂಬ ಹೆಣ್ಣಿನ ಹಂಬಲವು ಎರಡು ದೇಶಗಳಲ್ಲಿಯೂ ಒಂದೇ ಹೊಳೆಯನ್ನು ಹಿಡಿದು ಹರಿಯಿತು. ಸೋದರಪ್ರೇಮವು ಕೃತಕವೆಂದು ನನ್ನ ಮಾತಲ್ಲ, ಅದು ನಿಜವಾದುದೇ. ಆದರೆ ಆ ಹೊಳೆಯಲ್ಲಿ ಎಷ್ಟು ನೀರು ಬೇರೆಯ ಬುಗ್ಗೆಯದಾಗಿತ್ತೆಂಬದನ್ನು ಯಾರು ಬಲ್ಲರು?

ಇನ್ನೊಂದು ವಿಚಿತ್ರವನ್ನು ಇಲ್ಲಿಯೇ ಹೇಳಿಬಿಡುವದು ಒಳ್ಳೆಯದು. ಹೆಣ್ಣು ತನ್ನ ಹೆಸರಿನಿಂದ ಹಾಡಲು ಅಳುಕಿದ ವಿರಹವನ್ನು ಗಂಡಸರು ಹೆಣ್ಣಿನ ದನಿಯಿಂದ ಯಥೇಚ್ಛವಾಗಿ ಹಾಡಿದರು. ಶರಣಸತಿ-ಲಿಂಗಪತಿ ಭಾವದಲ್ಲಿ ವಚನಕಾರರು ಸತಿಯಾದರು, ದಾಸರು ಗೋಪಿಕೆಯರಾದರು, ನಮ್ಮ ಕಾಲಕ್ಕೆ ಬಂದರೆ ಬೇಂದ್ರೆಯವರಲ್ಲಿಯೂ, ೧೯೪೨ರ ‘ಮೈಸೂರು ಮಲ್ಲಿಗೆ’ಯ ನರಸಿಂಹಸ್ವಾಮಿಗಳಲ್ಲಿಯೂ ಹೆಂಡತಿಯ ನಾಚಿಕೆ, ನಲ್ಮೆಗಳು ಗಂಡಸಿನ ಲೇಖಣಿಯಿಂದಲೇ ನುಡಿದವು. ಇವುಗಳ ಚೆಲುವಿಕೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ನ್ಯಾಯವು ಹೇಗಿದೆ ನೋಡಿರಿ: ಗಂಡಸು ಹೆಣ್ಣಾಗಿ ಹಾಡಿದರೆ ‘ಎಂಥ ಪರಕಾಯಪ್ರವೇಶ’ ಎಂದು ತಲೆದೂಗುವೆವು, ಹೆಣ್ಣು ಹೆಣ್ಣಾಗಿಯೇ ಹಾಡಿದರೆ ‘ಯಾರವನು?’ ಎಂದು ಕೇಳುವೆವು.

೫

ಆ ಪ್ರಶ್ನೆಗೆ ಬಲಿಯಾದವರಲ್ಲಿ ಪ್ಯಾಲೆಸ್ತೀನದ ಫದ್ವಾ ತೂಕಾನರ ಕಥೆಯು ಮನಸ್ಸನ್ನು ಕಲಕುವಂಥದು. ನಾಬ್ಲಸ್ ಪಟ್ಟಣದ ಪ್ರತಿಷ್ಠಿತ ಮನೆತನದಲ್ಲಿ ೧೯೧೭ರಲ್ಲಿ ಹುಟ್ಟಿ ೨೦೦೩ರಲ್ಲಿ ತೀರಿಕೊಂಡ ಈಕೆಯು, ೧೯೮೫ರಲ್ಲಿ ಪುಸ್ತಕವಾಗಿ ಬಂದ ತನ್ನ ಆತ್ಮಕಥೆಯಲ್ಲಿ ಅದನ್ನು ತಾನೇ ಹೇಳಿಕೊಂಡಿರುವಳು. ಶಾಲೆಗೆ ಹೋಗುವ ಬಾಲೆಯಾಗಿದ್ದಾಗ ಒಬ್ಬ ಹುಡುಗನು ಅವಳಿಗೆ ಒಂದು ಮಲ್ಲಿಗೆಯ ಹೂವನ್ನು ಕೊಟ್ಟನು. ಅಷ್ಟೇ ನಡೆದದ್ದು. ಸುದ್ದಿಯು ಮನೆಗೆ ಮುಟ್ಟಿತು, ಶಾಲೆಯು ಬಿಟ್ಟಿತು, ಮನೆಯ ಬಾಗಿಲು ಮುಚ್ಚಿತು. ಒಂದು ಮಲ್ಲಿಗೆಗೆ ತೆತ್ತ ಬೆಲೆಯಿದು! ಕವಿಯಾಗಿದ್ದ ಇನ್ನೊಬ್ಬ ಅಣ್ಣ ಇಬ್ರಾಹೀಮನು ಕನಿಕರಿಸಿ ಅವಳಿಗೆ ಮನೆಯಲ್ಲಿಯೇ ಛಂದಸ್ಸನ್ನು ಕಲಿಸಿದನು. ಅಣ್ಣನೊಬ್ಬನು ಮುಚ್ಚಿದ ಬಾಗಿಲನ್ನು ಅಣ್ಣನೊಬ್ಬನೇ ತೆರೆದನೆನ್ನಬೇಕು. ೧೯೪೧ರಲ್ಲಿ ಇಬ್ರಾಹೀಮನು ತೀರಿಕೊಂಡಾಗ ಅವಳು ಖನ್ಸಾಳ ದಾರಿಯಲ್ಲಿಯೇ ಅವನಿಗಾಗಿ ಅತ್ತಳು.

ಫದ್ವಾಳು ಮೊದಮೊದಲು ‘ದನಾನೀರ್’ ಎಂಬ ಮುಸುಕಿನ ಹೆಸರಿನಿಂದ ಬರೆದಳು. ಅದು ಅಬ್ಬಾಸೀ ಕಾಲದ ಒಬ್ಬ ಗಾಯಕಿಯ ಹೆಸರು. ನಲ್ಲನ ಹೆಸರನ್ನಷ್ಟೇ ಅಲ್ಲ, ತನ್ನ ಹೆಸರನ್ನೂ ಬಚ್ಚಿಡಬೇಕಾಯಿತು. ಮುಂದೆ ಸ್ವಂತ ಹೆಸರಿನಿಂದ ಬಂದ ಸಂಗ್ರಹಗಳಲ್ಲಿ ಅವಳ ನಲ್ಲನು ಬಹುಪಾಲು ದೂರದವನು: ನೆನಪಿನಲ್ಲಿರುವವನು, ಪತ್ರದಲ್ಲಿರುವವನು, ಬಂದು ನಿಲ್ಲದವನು. ಈಜಿಪ್ತದ ವಿಮರ್ಶಕನಾದ ಅನ್ವರ್ ಅಲ್-ಮಅದ್ದಾವಿಯೊಡನೆ ಅವಳಿಗಿದ್ದ ಸ್ನೇಹವು ಪತ್ರಗಳಲ್ಲಿಯೇ ಬೆಳೆದು ಪತ್ರಗಳಲ್ಲಿಯೇ ಮುಗಿಯಿತು. ೧೯೬೭ರ ಯುದ್ಧದಲ್ಲಿ ಊರು ಪರರ ಪಾಲಾದ ಬಳಿಕ ಅವಳ ಹಾಡು ನಾಡಿನ ಹಾಡಾಯಿತು. ವಿಮರ್ಶಕರು ಇದನ್ನು ‘ಸ್ವಂತದ ದುಃಖದಿಂದ ನಾಡಿನ ದುಃಖಕ್ಕೆ ಏರಿದಳು’ ಎಂದು ಹೊಗಳುವದುಂಟು. ‘ಏರಿದಳು’ ಎಂಬ ಶಬ್ದವು ನನಗೆ ಒಪ್ಪಿಗೆಯಾಗದು. ಮಲ್ಲಿಗೆಗಾಗಿ ಮನೆಯಲ್ಲಿ ಸೆರೆಯಾದವಳಿಗೆ ಸೆರೆಯೆಂದರೇನೆಂಬದು ಮೊದಲೇ ತಿಳಿದಿತ್ತು. ನಾಡಿನ ಸೆರೆಯನ್ನು ಅವಳು ಅಷ್ಟು ಚೆನ್ನಾಗಿ ಹಾಡಿದ್ದು ಅದರಿಂದಲೇ.

ಇರಾಕದ ನಾಜಿಕ್ ಅಲ್-ಮಲಾಯಿಕಾ (೧೯೨೩–೨೦೦೭) ಇನ್ನೊಂದು ದಾರಿಯನ್ನು ಹಿಡಿದಳು. ‘ಕಾಲರಾ’ ಎಂಬ ೧೯೪೭ರ ಕವಿತೆಯಿಂದ ಅರಬ್ಬಿಯ ಹಳೆಯ ಛಂದಸ್ಸಿನ ಕಟ್ಟನ್ನು ಸಡಿಲಿಸಿದ ಕೀರ್ತಿಯು ಅವಳದು. ಅದೇ ವರುಷ ಹೊರಬಂದ ಅವಳ ಮೊದಲನೆಯ ಸಂಗ್ರಹದ ಹೆಸರು ‘ಇರುಳಿಗೆ ಒಲಿದವಳು’ ಎಂಬರ್ಥದ್ದು. ಅರಬ್ಬಿಯಲ್ಲಿ ಇರುಳೆಂಬ ಶಬ್ದವು ಪುಲ್ಲಿಂಗವು. ಆದಕಾರಣ ಇರುಳಿಗೆ ಒಲಿದವಳೆಂದರೆ ಆ ನುಡಿಯವರ ಕಿವಿಗೆ ಗಂಡೊಬ್ಬನ ನೆರಳು ಸುಳಿಯದಿರದು. ನಮ್ಮ ಕನ್ನಡದಲ್ಲಿ ಇರುಳು ನಪುಂಸಕವು. ನಮ್ಮ ಕವಯಿತ್ರಿಗೆ ಈ ಮರೆಯು ದೊರೆಯುವಂತಿಲ್ಲ. ಅರಬ್ಬಿಯಲ್ಲಿ ಇನ್ನೂ ಒಂದು ಮರೆಯಿದೆ: ಪ್ರೇಮಗೀತಗಳಲ್ಲಿ ನಲ್ಲೆಯನ್ನೂ ಪುಲ್ಲಿಂಗದಲ್ಲಿಯೇ ‘ಹಬೀಬೀ’ ಎಂದು ಕರೆಯುವ ರೂಢಿಯು ಬಹಳ ಹಳೆಯದು. ಹೀಗಾಗಿ ಹೆಣ್ಣು ತನ್ನ ನಿಜವಾದ ನಲ್ಲನನ್ನು ಹಾಗೆ ಕರೆದರೂ ಅದು ರೂಢಿಯ ಮಾತೆಂದು ಸಾಗಿಹೋದೀತು.

ಈ ಮರೆಗಳನ್ನೆಲ್ಲ ತೆಗೆದಿಟ್ಟು ಮಾತನಾಡಿದವಳು ಕುವೈತದ ಸುಆದ್ ಅಲ್-ಸಬಾಹ. ೧೯೪೨ರಲ್ಲಿ ರಾಜಮನೆತನದಲ್ಲಿ ಹುಟ್ಟಿದ ಈಕೆಯ ಪ್ರಸಿದ್ಧ ಕವಿತೆಯೊಂದಕ್ಕೆ ‘ನನ್ನ ಸ್ನೇಹಿತನಾಗು’ ಎಂಬರ್ಥದ ಹೆಸರಿದೆ. ಲೆಬನಾನಿನ ಗಾಯಕಿ ಮಾಜಿದಾ ಅಲ್-ರೂಮಿಯ ಕಂಠದಿಂದ ಅದು ಅರಬ್ಬರ ಮನೆಮನೆಗೆ ಮುಟ್ಟಿದೆ. ಈ ಕವಿತೆಯಲ್ಲಿಯ ಬೇಡಿಕೆಯು ಎಷ್ಟು ಸಣ್ಣದು, ಎಷ್ಟು ದೊಡ್ಡದು! ಒಡವೆ ಬೇಡ, ಪ್ರಾಣ ಕೊಡುವ ಶಪಥ ಬೇಡ. ಜೊತೆಗೆ ನಡೆ, ನನ್ನ ಮಾತನ್ನು ಕೇಳು, ನಾನೂ ಓದುವೆನು, ವಿಚಾರ ಮಾಡುವೆನು ಎಂಬದನ್ನು ಒಪ್ಪಿಕೋ ಎಂದು ಅವಳು ಕೇಳುವದು. ಪ್ರಿಯನು ವೀರನಾಗಿರಬೇಕು, ದಾನಿಯಾಗಿರಬೇಕೆಂದು ಲೈಲಾ ಅಲ್-ಅಖ್ಯಲಿಯಾಳ ಕಾಲದ ಆದರ್ಶವಾಗಿತ್ತು. ಪ್ರಿಯನು ಕೇಳುವ ಕಿವಿಯುಳ್ಳವನಾಗಿರಬೇಕೆಂಬದು ಈ ಕಾಲದ ಆದರ್ಶವು. ಹದಿಮೂರು ಶತಮಾನಗಳಲ್ಲಿ ನಲ್ಲನ ಭುಜದಿಂದ ಅವನ ಕಿವಿಗೆ ಹೆಣ್ಣಿನ ದೃಷ್ಟಿಯು ಸರಿದಿದೆ.

೬

ನಮ್ಮ ಕನ್ನಡದಲ್ಲಿ ಈ ಸರಿತವು ಹೇಗಾಯಿತು? ನವೋದಯದ ದಿನಗಳಲ್ಲಿ ಕವಯಿತ್ರಿಯರು ಬೆರಳೆಣಿಕೆಯವರು. ಬೆಳಗೆರೆ ಜಾನಕಮ್ಮನವರಂಥವರು (೧೯೧೨–೧೯೪೮) ಮನೆವಾರ್ತೆಯ ನಡುವೆ ಬರೆದು ಬೇಗ ಅಗಲಿದರು. ಹೆಣ್ಣಿನ ಪ್ರೇಮಕವಿತೆಯು ದೊಡ್ಡ ಪ್ರವಾಹವಾಗಿ ಬಂದದ್ದು ೧೯೭೦ರ ಈಚೆಗೆ, ವಿಶೇಷವಾಗಿ ೧೯೮೦ರ ದಶಕದಲ್ಲಿ. ಆ ಪ್ರವಾಹದ ಮೊದಲನೆಯ ಲಕ್ಷಣವನ್ನು ನಾನು ಒಂದು ಸರ್ವನಾಮದಲ್ಲಿ ಕಾಣುತ್ತೇನೆ. ಅದು ‘ನೀನು’. ಮನೆಯಲ್ಲಿ ‘ರೀ’ ಎನ್ನುವ, ‘ನೀವು’ ಎನ್ನುವ ಹೆಣ್ಣು ಕವಿತೆಯಲ್ಲಿ ‘ನೀನು’ ಎಂದಳು. ದೇವರಿಗೂ ಮಕ್ಕಳಿಗೂ ಗೆಳತಿಗೂ ಸಲ್ಲುತ್ತಿದ್ದ ಏಕವಚನವನ್ನು ಗಂಡಸಿಗೆ ಕೊಟ್ಟಳು. ಇಂಗ್ಲಿಷಿನಂಥ ನುಡಿಯಲ್ಲಿ ಈ ಘಟನೆಯು ಕಾಣುವಂತೆಯೇ ಇಲ್ಲ. ಕನ್ನಡದಲ್ಲಿ ಇದು ಹೊಸ್ತಿಲು ದಾಟಿದ ಹೆಜ್ಜೆ. ಧಾರವಾಡದ ಮಾಲತಿ ಪಟ್ಟಣಶೆಟ್ಟಿಯವರ ಒಂದು ಸಂಗ್ರಹದ ಹೆಸರು ‘ಬಾ ಪರೀಕ್ಷೆಗೆ’. ಆ ಕರೆಯು ಯಾರಿಗೇ ಇರಲಿ, ‘ಬರ್ರಿ’ ಎಂದಿರದೆ ‘ಬಾ’ ಎಂದಿರುವದೇ ಒಂದು ನಿಲುವು. ಅದುವರೆಗೆ ಪರೀಕ್ಷೆಗೆ ನಿಂತವಳು ಅಗ್ನಿಯ ಮುಂದಿನ ಸೀತೆ. ಈಗ ಪರೀಕ್ಷೆಗೆ ಕರೆಯುವ ದನಿಯು ಹೆಣ್ಣಿನದಾಯಿತು.

ಎರಡನೆಯ ಲಕ್ಷಣವು ಹೇಳದೆ ಉಳಿದ ಮಾತನ್ನು ಹೇಳುವದು. ಪ್ರತಿಭಾ ನಂದಕುಮಾರರ ‘ನಾವು ಹುಡುಗಿಯರೇ ಹೀಗೆ’ ಎಂಬ ಕವಿತೆಯು ಒಂದು ಕಾಲಕ್ಕೆ ಕಾಲೇಜಿನ ಹುಡುಗಿಯರ ಬಾಯಲ್ಲಿ ನಲಿದಾಡಿತು. ಇಲ್ಲಿ ಹುಡುಗಿಯು ಮಾತನಾಡುವದು ನಲ್ಲನೊಡನೆ ಅಲ್ಲ, ಗೆಳತಿಯೊಡನೆ. ಆಡಬೇಕಾದ ಒಂದೇ ಮಾತನ್ನು ಆಡದೆ ಬೇರೆಲ್ಲವನ್ನೂ ಆಡಿ, ಒಲಿದವನನ್ನು ಬಿಟ್ಟು ಬೇರೊಬ್ಬನ ಕೈಹಿಡಿದು ಸಂಸಾರ ಹೂಡುವ ಹುಡುಗಿಯರ ಪಾಡನ್ನು ನಗುತ್ತ ನಗುತ್ತ ಹೇಳಿ, ಓದುವವರ ಗಂಟಲು ಕಟ್ಟುವಂತೆ ಮಾಡಿದ ಕವಿತೆಯಿದು. ಇಲ್ಲಿ ನಲ್ಲನಿಗೆ ಹೆಸರಿಲ್ಲ. ಆದರೆ ಗೆಳತಿಗೆ ಹೆಸರಿದೆ! ಹೆಣ್ಣಿನ ಪ್ರೇಮಕಾವ್ಯದ ನಿಜವಾದ ಶ್ರೋತೃವು ಎಷ್ಟೋ ವೇಳೆ ಇನ್ನೊಬ್ಬ ಹೆಣ್ಣೇ ಎಂಬದನ್ನು ಬೀಸುವ ಕಲ್ಲು ಬಲ್ಲದು; ಇಬ್ಬರು ಎದುರುಬದುರು ಕುಳಿತು ಹಿಡಿಯುವ ಗೂಟವದು. ಗಿರಣಿ ಬಂದು ಕಲ್ಲು ಮೂಲೆ ಸೇರಿದರೂ ಗೆಳತಿಯರ ಸಂವಾದವು ಕವಿತೆಯಲ್ಲಿ ಮುಂದುವರಿಯಿತು.

ಮೂರನೆಯ ಲಕ್ಷಣವು ಹಳೆಯ ಕಾವ್ಯಗಳ ಹೆಣ್ಣುಗಳಿಗೆ ಬಾಯಿ ಕೊಡುವದು. ಎಂ. ಆರ್. ಕಮಲಾ ಅವರ ‘ಶಕುಂತಲೋಪಾಖ್ಯಾನ’, ಎಚ್. ಎಲ್. ಪುಷ್ಪಾ ಅವರ ‘ಅಮೃತಮತಿಯ ಸ್ವಗತ’ ಎಂಬ ಹೆಸರುಗಳೇ ಇದನ್ನು ಸಾರುವವು. ಇವುಗಳಲ್ಲಿ ಅಮೃತಮತಿಯ ಪ್ರಶ್ನೆಯು ನಮ್ಮ ವಿಷಯಕ್ಕೆ ಅತಿ ಮುಖ್ಯವಾದುದು. ಜನ್ನನು ೧೨೦೯ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿಯು ನಡುರಾತ್ರಿಯಲ್ಲಿ ಮಾವಟಿಗನ ಹಾಡನ್ನು ಕೇಳಿ ಮರುಳಾಗುವಳು. ಅವನು ಕುರೂಪಿ, ಗಂಡನಾದ ಯಶೋಧರನು ಸುಂದರನೂ ಅರಸನೂ ಆದವನು. ಜನ್ನನ ತೀರ್ಪಿನಲ್ಲಿ ಅವಳು ಪಾಪಿಷ್ಠೆ. ಗಂಡನಿಗೆ ವಿಷವಿಕ್ಕಿದವಳಿಗೆ ಬೇರೆ ತೀರ್ಪು ದೊರೆಯುವದೂ ಕಠಿಣವೇ. ಆದರೆ ಜನ್ನನು ದೊಡ್ಡ ಕವಿಯಾದಕಾರಣ ಒಂದು ಸತ್ಯವನ್ನು ಮುಚ್ಚಲಾರದೆ ಹೋದನು: ಅವಳು ಒಲಿದದ್ದು ಮೊದಲು ದನಿಗೆ, ಮುಖವನ್ನು ಕಾಣುವದಕ್ಕಿಂತ ಮುಂಚೆಯೇ. ಹೆಣ್ಣು ಗಂಡಿನಲ್ಲಿ ಏನನ್ನು ನೋಡುವಳೆಂದು ಗಂಡಸರು ಊಹಿಸಿದ ಪಟ್ಟಿಯಲ್ಲಿ ರೂಪ, ಪದವಿ, ಐಶ್ವರ್ಯಗಳಿವೆ; ಅಮೃತಮತಿಯು ಆ ಪಟ್ಟಿಯನ್ನೇ ಹರಿದುಹಾಕಿದಳು. ಅವಳ ಸ್ವಗತವನ್ನು ಹೆಣ್ಣೊಬ್ಬಳು ಬರೆಯಲು ಎಂಟು ಶತಮಾನಗಳು ಸಮೀಪಿಸಬೇಕಾಯಿತು.

೭

ಹೊಗಳಿಕೆಯಷ್ಟೇ ವಿಮರ್ಶೆಯಾಗಲಾರದು. ಈಗಿನ ಕವಯಿತ್ರಿಯರ ಬರವಣಿಗೆಯಲ್ಲಿ ನನಗೆ ಕಾಣುವ ಒಂದು ಕೊರತೆಯನ್ನು ಹೇಳದೆ ಹೋದರೆ ಅವರಿಗೆ ಮಾಡಬೇಕಾದ ಗೌರವವನ್ನು ಮಾಡದಂತಾಗುವದು. ನಮ್ಮ ಕವಿಗೋಷ್ಠಿಗಳಲ್ಲಿ ಓದುವ ಎಷ್ಟೋ ಕವಿತೆಗಳಲ್ಲಿ ಗಂಡಸು ಬರಿಯ ಆರೋಪಿಯಾಗಿ ಕಟಕಟೆಯಲ್ಲಿ ನಿಂತಿರುವನು. ಅವನು ಎತ್ತಿದ ಕೈ, ಹುರಿ ಮಾಡಿದ ಮೀಸೆ, ಕೆಂಪಾದ ಕಣ್ಣು. ಅದರಿಂದಾಚೆಗೆ ಏನೂ ಅಲ್ಲ. ಆರೋಪವು ಸುಳ್ಳೆಂದು ನನ್ನ ಮಾತಲ್ಲ. ಎತ್ತಿದ ಕೈಗಳನ್ನು ನಾವು ಓಣಿಓಣಿಗಳಲ್ಲಿ ಕಂಡಿದ್ದೇವೆ. ಆದರೆ ಹೊನ್ನಮ್ಮನ ಪತಿಗೆ ಮುಖವಿಲ್ಲದಂತೆ ಈ ಆರೋಪಿಗೂ ಮುಖವಿಲ್ಲ. ಒಬ್ಬನು ದೇವರ ಪದವಿಯಲ್ಲಿ ಮರೆಯಾದನು, ಇನ್ನೊಬ್ಬನು ಅಪರಾಧದಲ್ಲಿ ಮರೆಯಾದನು. ಗರತಿಯು ತನ್ನ ರಾಯನನ್ನು ಬೈದಾಗಲೂ ಅವನು ಯಾವ ಪೇಟೆಯಿಂದ, ಎಷ್ಟು ಹೊತ್ತಿಗೆ, ಯಾವ ಮುಖ ಹೊತ್ತು ಬಂದನೆಂಬದನ್ನು ಕಾಣಬಲ್ಲವಳಾಗಿದ್ದಳು. ಆದುದರಿಂದಲೇ ಅವಳ ಬೈಗಳೂ ಕಾವ್ಯವಾಯಿತು. ಮನುಷ್ಯನನ್ನು ಪ್ರೀತಿಸುವದಕ್ಕೂ ದೂರುವದಕ್ಕೂ ಮೊದಲು ಅವನನ್ನು ನೋಡಬೇಕಾಗುವದು.

ಆದರೆ ಈ ಕೊರತೆಯಲ್ಲಿ ನಮ್ಮ ಪಾಲೂ ಇದೆ. ಹಲವು ವರ್ಷಗಳ ಕೆಳಗೆ ಒಂದು ಕವಿಗೋಷ್ಠಿಯಲ್ಲಿ ನಾನು ಪ್ರೇಕ್ಷಕನಾಗಿ ಕುಳಿತಿದ್ದೆನು. ಒಬ್ಬ ಗೃಹಿಣಿಯು ಪ್ರಿಯನ ಕೈಬೆರಳುಗಳನ್ನು ಕುರಿತು ಒಂದು ಚಿಕ್ಕ ಕವಿತೆಯನ್ನು ಓದಿದರು. ಓದಿ ಮುಗಿಯುತ್ತಲೆ ವೇದಿಕೆಯಿಂದ ಒಬ್ಬರು, “ಈ ಬೆರಳು ಯಜಮಾನರವೋ, ಬೇರೆಯವರವೋ?” ಎಂದು ವಿನೋದ ಮಾಡಿದರು. ಸಭೆಯು ನಕ್ಕಿತು, ನಾನೂ ನಕ್ಕೆನು. ಆ ಬಾಯಿಯವರು ಆ ಬಳಿಕ ನಮ್ಮ ಕಡೆಯ ಯಾವ ಗೋಷ್ಠಿಯಲ್ಲಿಯೂ ಪ್ರೇಮಕವಿತೆಯನ್ನು ಓದಿದ್ದನ್ನು ನಾನು ಕೇಳಿಲ್ಲ; ಪರಿಸರ, ತಾಯಿ, ಯುಗಾದಿ ಇವುಗಳನ್ನು ಕುರಿತು ಓದುತ್ತಾರೆ. ನಾಬ್ಲಸ್ಸಿನ ಮನೆಯವರು ಒಂದು ಮಲ್ಲಿಗೆಗಾಗಿ ಬಾಗಿಲು ಮುಚ್ಚಿದರೆಂದು ಕನಿಕರಪಡುವ ನಾವು ಒಂದು ನಗೆಯಿಂದ ಅದೇ ಕೆಲಸವನ್ನು ಮಾಡಿದೆವು. ಒಂದು ಚೀಟಿಯು ಪುಸ್ತಕದಲ್ಲಿ ಸಿಕ್ಕಿತೆಂದು ಹುಡುಗಿಯನ್ನು ಕಾಲೇಜು ಬಿಡಿಸಿದ ಮನೆಗಳು ನಮ್ಮ ಸುತ್ತಲೂ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲವರಾರು? ಅರಬ್ಬರ ನಾಡು ದೂರವೆಂದು ತಿಳಿದರೆ ಅದು ನಮ್ಮ ಭೂಗೋಲದ ಅಜ್ಞಾನವಲ್ಲ, ನಮ್ಮ ಮನೆಯ ಅಜ್ಞಾನವು.

ಕವಿತೆಯಲ್ಲಿಯ ನಲ್ಲನು ಯಾರೆಂದು ಕೇಳುವದು ವಿಮರ್ಶೆಯ ಪ್ರಶ್ನೆಯಲ್ಲ. ಅದು ನೆರೆಮನೆಯ ಪ್ರಶ್ನೆ. ಅವನು ಎಂಥವನಾಗಿ ಕಂಡಿರುವನು, ಆ ಕಾಣುವಿಕೆಯು ನಮಗೆ ಹೊಸದೇನನ್ನು ತೋರಿಸಿತು ಎಂಬದೇ ವಿಮರ್ಶೆಯ ಪ್ರಶ್ನೆ. ಈ ಭೇದವನ್ನು ನಾವು ರೂಢಿಸಿಕೊಂಡ ದಿನ ಕವಯಿತ್ರಿಗೆ ದೇವರ ಮರೆಯಾಗಲಿ ಸೋದರನ ಮರೆಯಾಗಲಿ ಬೇಕಾಗದು. ಬೇಕೆನಿಸಿದರೆ ಅವಳೇ ಇಟ್ಟುಕೊಂಡಾಳು. ನಮ್ಮ ಸಂಘದವರಲ್ಲಿಯೂ ಒಂದು ವಿನಂತಿಯಿದೆ. ಜಿಲ್ಲೆಯ ಹಳ್ಳಿಗಳಲ್ಲಿ ಒಡಪು ಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಹಿಂದೂ ಮನೆಗಳಲ್ಲಿಯೂ ಮುಸಲ್ಮಾನರ ಮನೆಗಳಲ್ಲಿಯೂ ಮದುವೆಯ ಹಾಡು ಬಲ್ಲವರಿದ್ದಾರೆ. ಹಲಸಂಗಿಯವರು ತಮ್ಮ ಸೀಮೆಗೆ ಮಾಡಿದ ಉಪಕಾರವನ್ನು ನಾವು ನಮ್ಮ ಸೀಮೆಗೆ ಮಾಡಬಾರದೇಕೆ? ಗಂಡನ ಹೆಸರನ್ನು ಎಷ್ಟು ಬಗೆಯಲ್ಲಿ ಮರೆಸಿ ಎಷ್ಟು ಬಗೆಯಲ್ಲಿ ಮೆರೆಸಿದರೆಂಬದು ಆಗ ಗೊತ್ತಾದೀತು.

ಆ ವಿದ್ಯಾರ್ಥಿನಿಯ ವಹಿಯನ್ನು ನಾನು ಅಂದು ತಿದ್ದಿಕೊಟ್ಟೆನು. ಕಾಗುಣಿತದ ತಪ್ಪುಗಳನ್ನು ಮಾತ್ರ ತಿದ್ದಿದೆ, ಕೃಷ್ಣನನ್ನು ಮುಟ್ಟಲಿಲ್ಲ. ಅವಳಿಗೆ ಈಗ ಮದುವೆಯಾಗಿದೆ, ಬೇರೆ ಊರಿನಲ್ಲಿದ್ದಾಳೆ. ಬರೆಯುತ್ತಾಳೋ ಇಲ್ಲವೋ ತಿಳಿಯದು. ಕೊನೆಯ ಪುಟದ ಕವಿತೆಯೊಂದರಲ್ಲಿ ಕೃಷ್ಣನೆಂಬ ಶಬ್ದದ ಕೆಳಗೆ ಮೊದಲು ಬೇರೊಂದು ಹೆಸರನ್ನು ಬರೆದು ಅಳಿಸಿದ ಗುರುತಿತ್ತು. ರಬ್ಬರು ಚೆನ್ನಾಗಿ ಉಜ್ಜಿದ್ದರಿಂದ ಹೆಸರು ಓದಲು ಬರುತ್ತಿರಲಿಲ್ಲ. ಓದುವ ಪ್ರಯತ್ನವನ್ನೂ ನಾನು ಮಾಡಲಿಲ್ಲ. ವಿಷಯೆಯು ತಿದ್ದಿದ ಅಕ್ಷರವು ಒಂದು ಪ್ರಾಣವನ್ನು ಉಳಿಸಿತು. ಈ ಹುಡುಗಿಯು ಅಳಿಸಿದ ಅಕ್ಷರವು ಏನನ್ನು ಉಳಿಸಿತು, ಏನನ್ನು ಕಳೆಯಿತು ಎಂಬದನ್ನು ಅವಳೇ ಬಲ್ಲಳು. ಅವಳ ಮಗಳು ಅಳಿಸದೆ ಬರೆಯುವಂತಾಗಲಿ, ಬರೆದದ್ದನ್ನು ನಾವು ನಗದೆ ಓದುವಂತಾಗಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುವೆನು.